ಗೋಣಿಚೀಲದ ಕೌದಿ

ತುಂಗಭದ್ರೆಯ ದಂಡೆ, ೨೧೬೪ನೇ ಇಸವಿ, ಫೆಬ್ರವರಿ ಮೂವತ್ತು.

ಮುತ್ತಜ್ಜಿಯ ಮುತ್ತಜ್ಜಿ ಫಕೀರವ್ವನಿಗೆ, ನಿನ್ನ ಕುಡಿ ಚಂಪಾವತಿಯ ಶರಣು.

ಫೆಬ್ರವರಿಗೆ ಮೂವತ್ತನೇ ದಿನ ಎಲ್ಲಿಂದ ಬಂತು ಎಂದು ನಗಬೇಡ. ನಮ್ಮ ಕಾಲದವರು ಕ್ಯಾಲೆಂಡರ್ ತಿದ್ದಿದ್ದಾರೆ. ನನ್ನ ಮಾತೂ ವಿಚಿತ್ರ ಕೇಳಿಸೀತು, ಹೊಟ್ಟೆಗೆ ಹಾಕಿಕೋ.

ನಾನು ಧೂಳುಗಾವಲಿನವಳು. ಅಂದರೆ ಹಳೇ ಕಟ್ಟಡಗಳಲ್ಲಿ ಕಲ್ನಾರು, ನಿನ್ನ ಕಾಲದವರು ಆಸ್ಬೆಸ್ಟಾಸ್ ಎನ್ನುತ್ತಿದ್ದದ್ದು, ಉಳಿದಿದೆಯೇ ಎಂದು ನೋಡಿ, ಒದ್ದೆ ಮಾಡಿ, ಕಟ್ಟಿ ಹೂಳಿಸುವವಳು. ಬೆಳಿಗ್ಗೆ ಗಂಜಿ ಕುಡಿದು, ಗಾಳಿಯಲ್ಲಿ ಕಲ್ನಾರಿನ ಎಳೆಗಳಿದ್ದರೆ ಬೆಳ್ಳಗಾಗುವ ಉಸಿರುಗನ್ನಡಿಯನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ. ಕಂಡವರ ಚಾವಣಿಗೆಲ್ಲ ಅದನ್ನು ಹಿಡಿದಿದ್ದೇನೆ. ನಮ್ಮ ಟ್ರಂಕಿಗೆ ಹಿಡಿದಿರಲಿಲ್ಲ.

ಟ್ರಂಕಿನಲ್ಲಿ ನಿನ್ನ ಕೌದಿಯಿದೆ. ಕಲ್ನಾರಿನ ಶೀಟು ಮಾಡುವ ಕಾರ್ಖಾನೆಯಿಂದ ನಿನ್ನ ಗಂಡ ಹನುಮಪ್ಪಜ್ಜ ತಂದ, ಕಲ್ನಾರು ತುಂಬಿ ಬಂದಿದ್ದ ಖಾಲಿ ಗೋಣಿಚೀಲಗಳನ್ನು ಅಂಗಳದಲ್ಲಿ ಜಾಡಿಸಿ, ಒಗೆದು, ಹಳೇ ಸೀರೆಗಳ ನಡುವೆ ಇಟ್ಟು ಹೊಲಿದದ್ದು. ಒಂದು ಚೀಲವನ್ನೂ ಹಾಳು ಮಾಡದ ಗಟ್ಟಿಗಿತ್ತಿ ಎಂದು ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಹೆಸರಿಡುವ ದಿನ ಮನೆಯ ಪ್ರತಿ ಕೂಸನ್ನೂ ಅದರ ಮೇಲೆ ಮಲಗಿಸುತ್ತ ಬಂದೆವು. ಅಜ್ಜ ಕೆಮ್ಮಿ ಕೆಮ್ಮಿ ಹೋದ. ಕಾರ್ಖಾನೆಯ ಗೇಟು ದಾಟದ ನೀನೂ ಬಹಳ ವರ್ಷಗಳ ಮೇಲೆ ಎದೆಯಲ್ಲಿ ನೀರು ತುಂಬಿ ಹೋದೆ. ಮೊಮ್ಮಗಳ ಬಾಣಂತನ ಮಾಡುವ ಆಸೆ ಹಾಗೇ ಉಳಿಯಿತು. ಆ ಸಾವುಗಳನ್ನು ಮಾತ್ರ ಹಣೆಬರಹ ಎಂದುಬಿಟ್ಟೆವು. ಥೂ, ನಮ್ಮ ಜಾಣತನಕ್ಕಿಷ್ಟು!

ನಿನ್ನೆ ಮಗಳು ಸಿರಿದೇವಿ ತನ್ನ ಕೂಸಿಗಾಗಿ ಟ್ರಂಕು ತೆರೆದಳು. ನಾನು ಆಗಷ್ಟೇ ಕೆಲಸದಿಂದ ಬಂದಿದ್ದೆ; ಹೆಗಲ ಮೇಲಿದ್ದ ಕನ್ನಡಿ ಬೆಳ್ಳಗಾಯಿತು.

“ಮುಚ್ಚೇ, ಮುಚ್ಚು!” ಎಂದು ಚೀರಿದೆ.

“ಯಾಕವ್ವಾ, ಇದು ಅಜ್ಜಿ ಕೌದಿ ಅಲ್ಲೇನು?” ಎಂದಳು.

ಊರಿಗೆಲ್ಲ ಬುದ್ಧಿ ಹೇಳುವ ನಾನು ಬೆಳ್ಳಗಾದ ಕನ್ನಡಿಯನ್ನು ಅವಳಿಗೆ ತೋರಿಸಿ, ಟ್ರಂಕಿನ ಮುಚ್ಚಳ ಹಾಕಿದೆ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ ಅಜ್ಜಿ. ಕೂಸನ್ನು ಬರೀ ತೊಡೆಯ ಮೇಲೆ ಮಲಗಿಸಿಕೊಂಡು ಫಕೀರವ್ವ ಎಂದೇ ಹೆಸರಿಟ್ಟೆವು. ನಾಳೆ ಕೌದಿಯನ್ನು ಒದ್ದೆ ಮಾಡಿ ಹೂಳುತ್ತೇನೆ.

ಈ ಕಾಗದ ನಿನಗೆ ಮುಟ್ಟೀತೋ ಇಲ್ಲವೋ. ಮುಟ್ಟಿದರೆ, ಅಜ್ಜ ತಂದ ಚೀಲವನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಬೇಡ, ಜಾಡಿಸಬೇಡ. ಕಾರ್ಖಾನೆಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬಾ ಎಂದು ಹಟ ಹಿಡಿ. ಬೈದರೆ ಬೈಯಲಿ. ನೀನು ಈ ಕೌದಿ ಹೊಲಿಯದಿದ್ದರೆ ನಿನ್ನ ಕೈಯದೆಂದು ನಮ್ಮ ಮನೆಯಲ್ಲಿ ಏನೂ ಉಳಿಯುವುದಿಲ್ಲ. ಉಳಿಯದಿರಲಿ. ಮೊಮ್ಮಗಳ ಬಾಣಂತನ ನೀನೇ ಮಾಡು.