ಎಸ್ತರಕ್ಕನ ತಪ್ಪು ಸ್ವರ

ಗಣಿಯೂರು, ಕೋಲಾರದ ಕೆಳಗೆ
ಫೆಬ್ರವರಿ ೩೦, ೨೨೧೯

ಹಿಂದಿನ ಕಾಲದ ಪಿಯಾನೊ ಅಭಿಮಾನಿಗಳಿಗೆ ಪಿಳ್ಳಪ್ಪನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದ ರಜೆ. ಫೆಬ್ರವರಿಗೆ ನೀವು ಮಾಡಿದ ಅನ್ಯಾಯವನ್ನು ನಮ್ಮ ಹಿರಿಯರು ಹೀಗೆ ಸರಿಪಡಿಸಿದರು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಬರಹಗಳನ್ನು ಓದಿ, ನಿಮ್ಮಂತೆಯೇ ಬರೆಯಲು ಪ್ರಯತ್ನಪಟ್ಟಿದ್ದೇನೆ. ಎಡವಿದ್ದರೆ ಕ್ಷಮಿಸಿ.

ನಾನು ಬರೆಯಲು ಕಾರಣ ನೀವೇ ಕೇಳಿದ ಒಂದು ಪ್ರಶ್ನೆ. ನಿಮ್ಮ ಕಾಲದ ಒಂದು ಪಿಯಾನೊ ಕಛೇರಿಯ ಧ್ವನಿಮುದ್ರಣ ನಮ್ಮಲ್ಲಿ ಉಳಿದಿದೆ. ಪಕ್ಕವಾದ್ಯವಿಲ್ಲದೆ ಒಬ್ಬರೇ ಕೂತು ನುಡಿಸಿದ್ದು. ನುಡಿಸಿದವರ ಹೆಸರು ಅಳಿಸಿಹೋಗಿದೆ, ಆದರೆ ಅದರ ಕೆಳಗೆ ನೀವು ಬರೆದ ಅನಿಸಿಕೆಗಳು ಹಾಗೇ ಇವೆ. ಒಬ್ಬರು ಕಣ್ಣಲ್ಲಿ ನೀರು ಬಂತು ಎಂದಿದ್ದೀರಿ. ಇನ್ನೊಬ್ಬರು ಪಕ್ಕದವರ ಚಿಪ್ಸ್ ಪೊಟ್ಟಣಕ್ಕೆ ಹಿಡಿಶಾಪ ಹಾಕಿದ್ದೀರಿ. ಎಲ್ಲಕ್ಕಿಂತ ಮೇಲೆ ಯಾರೋ ಬರೀ ‘ಫಸ್ಟ್’ ಎಂದು ಬರೆದು ಹೋಗಿದ್ದಾರೆ. ಅದಾದ ಮೇಲೆ ವರ್ಷ ವರ್ಷವೂ ಯಾರಾದರೊಬ್ಬರು ಬಂದು ಅದೇ ಪ್ರಶ್ನೆ ಕೇಳಿದ್ದಾರೆ: ಇನ್ನೂ ಯಾರಾದ್ರೂ ಕೇಳ್ತಾ ಇದ್ದೀರಾ?

ಇದೆಲ್ಲ ಕಛೇರಿಯ ಶಾಸ್ತ್ರವೇ ಇರಬೇಕೆಂದು ನಮ್ಮ ಹಿರಿಯರು ತಿಳಿದರು. ಹಾಗಾಗಿ ಇವತ್ತಿಗೂ ನಮ್ಮ ಸಭಾಂಗಣಕ್ಕೆ ಮೊದಲು ಕಾಲಿಟ್ಟವರು ನೆಟ್ಟಗೆ ನಿಂತು ‘ಫಸ್ಟ್’ ಎಂದು ಘೋಷಿಸಬೇಕು, ಮಿಕ್ಕವರು ತಲೆಬಾಗಬೇಕು. ಕಛೇರಿ ಮುಗಿದಾಗ ಚಪ್ಪಾಳೆ ಇಲ್ಲ. ಇನ್ನೂ ಯಾರಾದರೂ ಕೇಳುತ್ತಿದ್ದೀರಾ ಎಂದು ಕಲಾವಿದರು ಕೇಳುತ್ತಾರೆ, ಕೇಳುತ್ತಿದ್ದೇವೆ ಎಂದು ನಾವು ಒಕ್ಕೊರಲಿನಿಂದ ಹೇಳುತ್ತೇವೆ. ಆಮೇಲೆ ಸಾಲಾಗಿ ಪಿಯಾನೊದ ಬಳಿ ಹೋಗಿ ಒಬ್ಬೊಬ್ಬರೂ ನಮ್ಮ ಅನಿಸಿಕೆ ಒಪ್ಪಿಸುತ್ತೇವೆ. ಅದಕ್ಕೆ ನುಡಿಗಾಣಿಕೆ ಎಂದು ಹೆಸರು. ನೀವು ಹೊತ್ತು ಹೋಗದೆ ಹರಟಿದ್ದು ನಮಗೆ ಶಾಸ್ತ್ರವಾಯಿತೆಂದು ಈಚೆಗೆ ಪಂಡಿತರೊಬ್ಬರು ವಿವರಿಸಿದರು. ತಿಳಿದ ಮೇಲೂ ಬಿಡಲು ನಮಗೆ ಮನಸ್ಸಿಲ್ಲ.

ನಮ್ಮ ಬದುಕನ್ನೂ ಸ್ವಲ್ಪ ಹೇಳಬೇಕು. ಮೇಲಿನ ಬಿಸಿಲು ತಾಳಲಾರದೆ ನಾವು ಹಳೆಯ ಚಿನ್ನದ ಗಣಿಯ ಸುರಂಗಗಳಲ್ಲಿ ಸಂಸಾರ ಹೂಡಿದ್ದೇವೆ. ಕೆಳಗೆ ಬರಲು ಇಳಿಗಾಡಿ ಇದೆ, ಅಂದರೆ ಹಗ್ಗದಲ್ಲಿ ಜೋತಾಡುವ ಒಂದು ಕೋಣೆ. ಗಾಳಿ ತಳ್ಳುವ ಯಂತ್ರಗಳು ಹಗಲೂ ರಾತ್ರಿ ಬೋರಿಡುತ್ತವೆ. ಆ ಸದ್ದನ್ನು ತಡೆಯಲೆಂದೇ ಪ್ರತಿ ಮಗುವಿನ ಕಿವಿಗೂ ತಿದ್ದುಗಿವಿ ಹಾಕುತ್ತಾರೆ. ಕಡಲೆಕಾಳಿನಷ್ಟು ಚಿಕ್ಕದು, ಕೆಲಸ ಮಾಡುವಾಗ ಅದರ ನೀಲಿ ದೀಪ ಉರಿಯುತ್ತದೆ. ಮೊದಮೊದಲು ಅದು ಯಂತ್ರದ ಸದ್ದನ್ನಷ್ಟೇ ತೆಗೆಯುತ್ತಿತ್ತಂತೆ. ಬರಬರುತ್ತಾ ಜಾಣವಾಯಿತು. ತೊದಲನ್ನು ತಿದ್ದಿತು, ಅಪಸ್ವರವನ್ನು ತಿದ್ದಿತು, ಒಡೆದ ದನಿಯನ್ನು ನುಣುಪು ಮಾಡಿತು. ನೆಗಡಿಯಾದಾಗ ನಮ್ಮಮ್ಮನ ದನಿ ಹೇಗಿರುತ್ತಿತ್ತೆಂದು ನನಗೆ ಗೊತ್ತಿಲ್ಲ. ಈಗ ಆಕೆ ಇಲ್ಲ.

ನಮ್ಮ ನೆಚ್ಚಿನ ಪಿಯಾನೊ ವಾದಕಿ ಎಸ್ತರ್ ಅನ್ಬಯ್ಯ. ನಮಗೆಲ್ಲ ಎಸ್ತರಕ್ಕ. ನಮ್ಮ ಅಭಿಮಾನಿ ಬಳಗದ ಅಧ್ಯಕ್ಷೆ ರುಖ್ಸಾನಾ, ಎಸ್ತರಕ್ಕ ಸೀನಿದರೂ ಅದರಲ್ಲಿ ಲಯ ಇದೆ ಎಂದು ವಾದಿಸುವವಳು. ನಾನೇನೂ ಕಡಿಮೆಯಿಲ್ಲ, ಸೀನಿನ ಶ್ರುತಿಯ ಬಗ್ಗೆ ಅವಳೊಡನೆ ಜಗಳ ಆಡಿದ್ದೇನೆ. ಇಂಥ ನಮಗೆ ಎಸ್ತರಕ್ಕನ ಉಂಗುರದ ಬೆರಳು ಕೆಲವು ವರ್ಷಗಳಿಂದ ಸರಿಯಾಗಿ ಮಡಚುತ್ತಿಲ್ಲ ಎಂಬುದು ಗೊತ್ತೇ ಇರಲಿಲ್ಲ. ಪ್ರತಿ ಕಛೇರಿಯಲ್ಲೂ ತಿದ್ದುಗಿವಿ ಅವರ ತಪ್ಪುಗಳನ್ನು ನುಂಗಿಹಾಕುತ್ತಿತ್ತು, ನಾವು ‘ಎಂದಿನಂತೆ ಅಮೋಘ’ ಎಂದು ನುಡಿಗಾಣಿಕೆ ಒಪ್ಪಿಸಿ ಮನೆಗೆ ಹೋಗುತ್ತಿದ್ದೆವು. ಒಂದು ಸಲ ಅವರು ಬೇಕೆಂದೇ ಒಂದು ಕೃತಿಯನ್ನು ತಲೆಕೆಳಗು ಮಾಡಿ ನುಡಿಸಿದರಂತೆ. ಅವತ್ತೂ ನಾವು ಅಮೋಘ ಎಂದೆವು. ಅದು ಅವರ ಎದೆಗೆ ನಾಟಿತು.

ಆಮೇಲೆ ಬಳಗಕ್ಕೆ ಅವರಿಂದ ಒಂದು ಮಾತು ಬಂತು. ಮುಂದಿನ ಕಛೇರಿಗೆ ಎಲ್ಲರೂ ತಿದ್ದುಗಿವಿ ತೆಗೆದು ಬರಿಗಿವಿಯಲ್ಲಿ ಕೂರಬೇಕು, ದೀಪ ಆರಿಸುತ್ತೇನೆ, ಕತ್ತಲಲ್ಲಿ ಯಾರ ಕಿವಿಯಲ್ಲಿ ನೀಲಿ ಕಂಡರೂ ಪಿಯಾನೊ ಮುಚ್ಚಿಬಿಡುತ್ತೇನೆ, ಮತ್ತೆ ತೆರೆಯುವುದಿಲ್ಲ ಎಂದು. ರುಖ್ಸಾನಾ ಮೂರು ಹೊತ್ತೂ ಅತ್ತಳು. ಅಕ್ಕ ಎಡವುವುದನ್ನು ತನ್ನಿಂದ ಕೇಳಲಾಗುವುದಿಲ್ಲ ಎಂಬುದೇ ಅವಳ ಹೆದರಿಕೆ. ನನಗೂ ಅದೇ ಹೆದರಿಕೆಯಿತ್ತು, ಗಂಡಸಲ್ಲವೇ ಎಂದು ಹೇಳಿಕೊಳ್ಳಲಿಲ್ಲ.

ಕಛೇರಿಯ ದಿನ ದೀಪ ಆರಿತು. ಮೊದಲು ಕೇಳಿಸಿದ್ದು ಸಂಗೀತವಲ್ಲ, ಗಾಳಿಯಂತ್ರದ ಬೋರ್ಗರೆತ, ನನ್ನದೇ ಉಸಿರು, ಹಿಂದೆ ಕೂತವರ ಹೊಟ್ಟೆಯ ಗುರುಗುರು. ಆಮೇಲೆ ಎಸ್ತರಕ್ಕ ತಮ್ಮದೇ ರಚನೆಯಾದ ‘ಇಳಿಗಾಡಿ’ಯನ್ನು ಎತ್ತಿಕೊಂಡರು. ಎಡಗೈ ಗಾಡಿಯಂತೆ ನಿಧಾನ ಕೆಳಗಿಳಿಯುತ್ತದೆ, ಬಲಗೈ ಮೇಲಿನ ಬೆಳಕನ್ನು ಬಿಡಲಾರದೆ ಹಿಂದೆ ಹಿಂದೆ ಎಳೆಯುತ್ತದೆ. ಪಿಯಾನೊದ ಒತ್ತುಪಟ್ಟಿಗೆ ನಾವು ಮನೆ ಎನ್ನುತ್ತೇವೆ. ಮಡಚದ ಆ ಬೆರಳು ಒಂದು ಕಪ್ಪು ಮನೆಯನ್ನು ತಪ್ಪಿ ಪಕ್ಕದ ಮನೆಗೆ ಬಿತ್ತು. ಸ್ವಲ್ಪ ಮುಂದೆ ಮತ್ತೆ ಬಿತ್ತು. ಆಗಲೇ ನನ್ನ ಪಕ್ಕದಲ್ಲಿ ನೀಲಿ ದೀಪ ಹತ್ತಿತು. ರುಖ್ಸಾನಾಳದು.

ಪಿಯಾನೊ ನಿಂತಿತು. ಮುಚ್ಚಳದ ಕೀಲು ಕಿರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಅರ್ಧಕ್ಕೆ ಬಂದ ಮುಚ್ಚಳವನ್ನು ಹಿಡಿದುಕೊಂಡೇ ಎಸ್ತರಕ್ಕ ಕತ್ತಲಿಗೆ ಕೇಳಿದರು:

“ಇನ್ನೂ ಯಾರಾದ್ರೂ ಕೇಳ್ತಾ ಇದ್ದೀರಾ?”

ಶಾಸ್ತ್ರದ ಪ್ರಕಾರ ಈ ಪ್ರಶ್ನೆ ಬರಬೇಕಾದದ್ದು ಕೊನೆಯಲ್ಲಿ. ನಡುವೆ ಬಂದರೆ ಏನು ಹೇಳಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ನೀವು ನಿಜವಾಗಿಯೂ ಪ್ರಶ್ನೆ ಎಂದೇ ಕೇಳಿದ್ದನ್ನು ನಾವು ಇಷ್ಟು ಕಾಲ ಮಂತ್ರದಂತೆ ಒದರುತ್ತಿದ್ದೆವಲ್ಲ ಎಂದು ನನಗೆ ಹೊಳೆದದ್ದು ಆಗಲೇ. ನೀಲಿ ದೀಪ ಆರಿತು. ರುಖ್ಸಾನಾ ಎದ್ದು ನಿಂತಳು.

“ಈಗ ಕೇಳ್ತಾ ಇದ್ದೀನಿ ಕಣಕ್ಕಾ. ಮೊದ್ಲಿಂದ ನುಡ್ಸು.”

ಅವಳ ದನಿ ಅಷ್ಟು ಒರಟೆಂದು ನನಗೆ ಅವತ್ತೇ ಗೊತ್ತಾದದ್ದು. ಮುಚ್ಚಳ ಮೇಲೆದ್ದಿತು. ಎಸ್ತರಕ್ಕ ಮೊದಲಿನಿಂದ ನುಡಿಸಿದರು, ಅದೇ ಕಪ್ಪು ಮನೆಯಲ್ಲಿ ಮತ್ತೆ ತಪ್ಪಿದರು, ತಪ್ಪಿಯೂ ಮುಂದೆ ಹೋದರು. ಗಾಡಿ ತಳ ಮುಟ್ಟುವವರೆಗೂ ಸಭಾಂಗಣ ಕತ್ತಲಾಗಿಯೇ ಇತ್ತು.

ಅಂದಿನ ನುಡಿಗಾಣಿಕೆಯಲ್ಲಿ ಅಮೋಘ ಎಂಬ ಪದ ಯಾರ ಬಾಯಲ್ಲೂ ಬರಲಿಲ್ಲ. ರುಖ್ಸಾನಾ ಎಸ್ತರಕ್ಕನ ಕೈ ಹಿಡಿದು, ಬೆರಳು ನೋಯುತ್ತದೆಯೇ ಎಂದು ಕೇಳಿದಳು. ನೋಯುತ್ತದೆ ಎಂದು ಅವರು ಹೇಳಿದರು, ಹೇಳುತ್ತಾ ನಕ್ಕರು, ನಗುತ್ತಲೇ ಅತ್ತರು. ನಾನು ಒಂದು ಭಾರೀ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಸರದಿ ಬಂದಾಗ ಅದು ಮರೆತುಹೋಯಿತು. ಮೇಲಿನ ಸ್ವರಕ್ಕೆ ಬಗ್ಗುವಾಗ ನಿಮ್ಮ ಕುರ್ಚಿ ಕಿರ್ ಅನ್ನುತ್ತೆ, ಅದು ಚೆನ್ನಾಗಿತ್ತು ಎಂದುಬಿಟ್ಟೆ. ಬಳಗದವರು ಈಗಲೂ ಅದನ್ನು ಹೇಳಿ ನನ್ನ ಕಾಲೆಳೆಯುತ್ತಾರೆ. ಎಸ್ತರಕ್ಕ ಮಾತ್ರ ಕುರ್ಚಿಗೆ ಎಣ್ಣೆ ಹಾಕಿಸಿಲ್ಲ.

ಮನೆಗೆ ಬಂದವನು ನಿಮ್ಮ ಧ್ವನಿಮುದ್ರಣವನ್ನು ಮೊದಲ ಸಲ ಬರಿಗಿವಿಯಲ್ಲಿ ಕೇಳಿದೆ. ನಿಮ್ಮವರೂ ಕೊನೆಯ ಹೊತ್ತಿಗೆ ಒಂದು ಕಡೆ ತಪ್ಪಿದ್ದಾರೆ! ಕೈ ನಿಂತಿದೆ. ಯಾರೋ ಕೆಮ್ಮಿದ್ದಾರೆ. ಆಮೇಲೆ ಮುಂದಿನ ಸಾಲಿನಿಂದ ಯಾರೋ, ವಯಸ್ಸಾದ ಹೆಂಗಸಿರಬೇಕು, ಮೆಲ್ಲಗೆ “ಪರ್ವಾಗಿಲ್ಲ, ನುಡ್ಸಿ” ಎಂದಿದ್ದಾರೆ. ಇಷ್ಟು ತಲೆಮಾರು ನಮ್ಮ ತಿದ್ದುಗಿವಿ ಆ ಮಾತನ್ನು ಗದ್ದಲವೆಂದು ಒರೆಸಿಹಾಕಿತ್ತು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಆ ಮುದ್ರಣವನ್ನು ಚೊಕ್ಕ ಮಾಡಲು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ, ಆ ಕೆಮ್ಮೂ ಇರಲಿ. ಮುಂದಿನ ಸಾಲಿನ ಆ ಹೆಂಗಸು ನಿಮಗೆ ಗುರುತಿದ್ದರೆ ಅವರಿಗೆ ಒಂದು ಮಾತು ತಿಳಿಸಿ. ಈಗ ನಮ್ಮ ಕಛೇರಿಗಳಲ್ಲಿ ಬೆರಳು ತಪ್ಪಿದಾಗ ಅವರ ಮಾತನ್ನೇ ಹೇಳುತ್ತೇವೆ. ಶಾಸ್ತ್ರವೆಂದು ಅಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಉತ್ತರ. ಕೇಳ್ತಾ ಇದ್ದೀವಿ. ತಪ್ಪಿದ್ದೂ ಕೇಳಿಸಿತು.

ಇಂತಿ,
ಪಿಳ್ಳಪ್ಪ