ಓದದೆ ಬಿಟ್ಟ ಏಳನೇ ಕಲಮು

ಪಡುಕರೆ, ಉಪ್ಪಳ ಅಂಚೆ
ಮಾರ್ಚ್ 19, ಬುಧವಾರ

ಪೂಜಾಶ್ರೀಯ ಅಪ್ಪನಿಗೆ, ಜಲಜಾಕ್ಷಿ ಬರೆಯುವುದು.

ನೀವು ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದರೆ ಅಮ್ಮ ಹೇಗಿದ್ದಾರೆ, ಮಗಳಿಗೆ ಕೊಡು ಎಂಬ ಎರಡು ಮಾತಿನ ಮೇಲೆ ಮೂರನೆಯದು ನಿಮ್ಮ ಬಾಯಿಂದ ಬರುವುದಿಲ್ಲ. ನಾನೂ ಬಾಯಲ್ಲಿ ಹೇಳಹೊರಟರೆ ಅರ್ಧ ಬಿಟ್ಟುಬಿಡುತ್ತೇನೆ. ಹಾಗಾಗಿ ಕಾಗದ.

ಅತ್ತೆ ಇದ್ದಾರೆ. ಮಂಡಿನೋವು ಹಾಗೆಯೇ ಉಂಟು. ಮಗಳು ಒಂಬತ್ತನೆಯ ತರಗತಿಯ ಪರೀಕ್ಷೆ ಬರೆಯುತ್ತಿದ್ದಾಳೆ. ನೀವು ಮಂಗಳೂರಿನ ಮೀನು ಬಂದರಿನ ದಕ್ಕೆಯಲ್ಲಿ ಐಸ್ ಹೊರುವುದನ್ನು ಕಂಡೆವೆಂದು ಊರಿನವರು ಬಂದು ಹೇಳಿದರು. ಇಪ್ಪತ್ತು ವರ್ಷ ದೋಣಿ ನಡೆಸಿದ ತಂಡೇಲ ಅಲ್ಲವಾ ಅವ, ಅಂದರು. ನಾನು ಕೇಳಿಸದವಳ ಹಾಗೆ ಮೀನು ಕೊಯ್ಯುತ್ತಾ ಕೂತಿದ್ದೆ.

ಎಣ್ಣೆಗಾಗಿ ಕಡಲು ಕೊರೆಯುತ್ತಿದ್ದ ಹಡಗು ಹೋಯಿತು. ಕಳೆದ ಗುರುವಾರ ಬೆಳಿಗ್ಗೆ ನೋಡಿದರೆ ಕಡಲು ಖಾಲಿ. ಮೂರು ಕಡೆ ಕೊರೆದರಂತೆ, ಎಣ್ಣೆ ಉಂಟಂತೆ, ಆದರೆ ತೆಗೆದರೆ ಗಿಟ್ಟುವಷ್ಟು ಇಲ್ಲವಂತೆ. ದೋಣಿ ದಾಟಬಾರದೆಂದು ಸುತ್ತ ಬಿಟ್ಟಿದ್ದ ಕಿತ್ತಳೆ ಬಣ್ಣದ ಆ ತೇಲುಗುಂಡುಗಳನ್ನೂ ಎತ್ತಿಕೊಂಡು ಹೋದರು. ಈಗ ದೋಣಿಗಳು ಎಲ್ಲಿಗೆ ಬೇಕಾದರೂ ಹೋಗಬಹುದು. ಹೋಗಿ ಬಂದವರು ಬಂಗುಡೆ ಇಲ್ಲ ಅನ್ನುತ್ತಾರೆ. ನೀರಿನಡಿಯ ಪಾರೆಕಲ್ಲಿನ ಹತ್ತಿರ ಬಲೆ ಬಿಟ್ಟರೆ ಬೂದಿ ಬಣ್ಣದ ಕೆಸರು ಬರುತ್ತದಂತೆ. ಮೀನು ತಿರುಗಿ ಬರುತ್ತದೋ ಇಲ್ಲವೋ, ಹೇಳಲು ಯಾರಿಗೂ ತಿಳಿಯದು. ಬೈಯಲಿಕ್ಕಾದರೂ ಇಷ್ಟು ದಿನ ಒಂದು ಹಡಗು ಇತ್ತು, ಈಗ ಅದೂ ಇಲ್ಲ.

ಆ ಜುಲೈ ನಿಮಗೆ ನೆನಪಿರಬಹುದು. ಮಧ್ಯಾಹ್ನ ಗಂಜಿ ಬಸಿಯುತ್ತಿದ್ದಾಗ ಕಡಲು ಅಡುಗೆಕೋಣೆಯ ಗೋಡೆಯನ್ನು ಎಳೆದುಕೊಂಡು ಹೋಯಿತು. ನಾನು ಅತ್ತೆಯನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ಓಡಿದೆ. ಅದಾಗಿ ಒಂದು ತಿಂಗಳಿಗೆ ಕಂಪೆನಿಯ ಆಫೀಸರು ಶರತ್ಚಂದ್ರ ಬಂದರು. ಕೊರೆಯಲು ಊರಿನವರು ಒಪ್ಪಿದರೆ ಕಡಲಕರೆಯ ಉದ್ದಕ್ಕೂ ಕಲ್ಲಿನ ತಡೆಗೋಡೆ ಕಟ್ಟಿಸುತ್ತೇವೆ ಅಂದರು. ಒಪ್ಪಿಗೆಯ ಕಾಗದ ಇಲ್ಲಿಯ ಸರಕಾರಿ ಭಾಷೆ ಮಲಯಾಳದಲ್ಲಿತ್ತು. ನೀವೆಲ್ಲ ಕನ್ನಡ ಶಾಲೆಯವರು. ಮಲಯಾಳ ಓದಲು ಬರುವವಳೆಂದು, ಕುಟುಂಬಶ್ರೀ ಮಹಿಳಾ ಸಂಘದ ಕಾರ್ಯದರ್ಶಿಯೆಂದು, ಭಜನಾ ಮಂದಿರದ ಅಂಗಳದಲ್ಲಿ ನನ್ನನ್ನೇ ನಿಲ್ಲಿಸಿ ಓದಿಸಿದಿರಿ. ನಾನು ಒಂದೊಂದು ಕಲಮನ್ನೂ ತುಳುವಿನಲ್ಲಿ ಹೇಳುತ್ತಾ ಹೋದೆ.

ಏಳನೆಯದನ್ನು ಹೇಳಲಿಲ್ಲ.

ಕಣ್ಣು ತಪ್ಪಿದ್ದಲ್ಲ. ಮನೆಯಲ್ಲಿ ಎರಡು ಸಲ ಓದಿಕೊಂಡೇ ಬಂದಿದ್ದೆ. ಹಡಗಿನ ಸುತ್ತಿನ ಒಳಗಾಗಲಿ, ಸಾಮಾನು ತರುವ ಹಡಗು ಬಂದುಹೋಗುವ ದಾರಿಯಲ್ಲಾಗಲಿ, ದೋಣಿಗೆ, ಬಲೆಗೆ, ಜನರಿಗೆ ಎಂತ ಆದರೂ ಕಂಪೆನಿ ಹೊಣೆಯಲ್ಲ, ಸಹಿ ಹಾಕಿದವರು ಇದಕ್ಕೆ ಒಪ್ಪಿದ್ದಾರೆ ಎಂದಿತ್ತು. ಓದಿದರೆ ನೀವು ಎದ್ದು ಹೋಗುತ್ತೀರಿ ಎಂದು ನನಗೆ ಗೊತ್ತಿತ್ತು. ನೀವು ಎದ್ದರೆ ಎಲ್ಲರೂ ಏಳುತ್ತಾರೆ. ಗೋಡೆ ಬರುವುದಿಲ್ಲ. ನನ್ನ ಕಣ್ಣೆದುರು ಇದ್ದದ್ದು ಬೆನ್ನ ಮೇಲೆ ಅಳುತ್ತಿದ್ದ ಅತ್ತೆ ಮಾತ್ರ. ಆರರಿಂದ ಎಂಟಕ್ಕೆ ಹೋದೆ. ಮೊದಲ ಸಹಿ ನೀವು ಹಾಕಿದಿರಿ. ತಂಡೇಲ ಹಾಕಿದ ಮೇಲೆ ಉಳಿದವರು ಒಂದು ಮಾತು ಕೇಳಲಿಲ್ಲ.

ಮುಂದಿನದು ನಿಮಗೆ ಗೊತ್ತು. ಜನವರಿಯಲ್ಲಿ ಸಾಮಾನು ಹಡಗು ನಿಮ್ಮ ಬಲೆಯ ಮೇಲೆಯೇ ಹಾದುಹೋಯಿತು. ಹಗ್ಗ ಬಿಡಿಸಲು ಹೋದ, ನಿಮ್ಮ ದೋಣಿಯ ಕಿನ್ನಿಯಣ್ಣನ ಬಲಗೈಯ ಎರಡು ಬೆರಳು ಹೋದವು. ನೀವು ಕಂಪೆನಿಯ ಆಫೀಸಿಗೆ ಹೋಗಿ ಜಗಳ ಮಾಡಿದಿರಿ, ಅವರು ಏಳನೇ ಕಲಮನ್ನೂ ಕಾಗದದ ಅಡಿಯಲ್ಲಿ ನಿಮ್ಮದೇ ಸಹಿಯನ್ನೂ ತೋರಿಸಿದರು. ತಂಡೇಲ ಭುಜಂಗ ಹಾಕಿದ ಎಂದು ನಾವೂ ಹಾಕಿದೆವು ಎಂದು ಕಿನ್ನಿಯಣ್ಣ ಆಸ್ಪತ್ರೆಯಲ್ಲಿ ಹೇಳಿದ್ದನ್ನು ನಾನೂ ಪಕ್ಕದಲ್ಲೇ ನಿಂತು ಕೇಳಿದೆ. ಆ ದಿನ ಮನೆಗೆ ಬಂದು ನೀವು ನನ್ನನ್ನು ಕೇಳಿದ್ದು ಒಂದೇ ಮಾತು: ಅದನ್ನು ನೀನು ಓದಿದ್ದೆಯಾ, ನನಗೆ ನೆನಪಿಲ್ಲ. ಓದಿದ್ದೆ, ನೀವು ಗಮನ ಕೊಡಲಿಲ್ಲ ಎಂದೆ.

ಹಾಗೆ ಹೇಳಿದ್ದನ್ನು ನೀವು ನಂಬಿದಿರಿ. ಊರವರ ಮುಖ ನೋಡಲಾಗದು ಎಂದು ಚೀಲ ಹಿಡಿದು ಹೊರಟಿರಿ. ನಾನು ಬಾಗಿಲಲ್ಲಿ ನಿಂತಿದ್ದೆ.

ಇನ್ನೊಂದು ಉಂಟು, ಅದನ್ನೂ ಹೇಳಿಬಿಡುತ್ತೇನೆ. ಕಲ್ಲು ಹಾಕುವುದನ್ನು ತೆಂಕಿನಿಂದ ಶುರು ಮಾಡಿ ಎಂದು ಆಫೀಸರಿಗೆ ಹೇಳಿದವಳು ನಾನು. ತೆಂಕಿನ ಮೊದಲ ಮನೆ ನಮ್ಮದು. ಹನ್ನೊಂದನೆಯ ಮನೆಯ ಹತ್ತಿರ ಕೆಲಸ ನಿಂತಿತು. ಬಡಗು ತುದಿಯಲ್ಲಿ ಕಿನ್ನಿಯಣ್ಣನ ಜಗಲಿ ಕಳೆದ ಮಳೆಗಾಲ ಕಡಲಿಗೆ ಹೋಯಿತು. ನಮ್ಮ ಅಂಗಳದಲ್ಲಿ ಅತ್ತೆ ಹಪ್ಪಳ ಒಣಗಿಸುತ್ತಾರೆ.

ಹಡಗು ಹೋದ ಮೇಲೆ ಸುಮ್ಮನಿರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ಸುಳ್ಳನ್ನು ಹೊತ್ತುಕೊಂಡು ಸಾಕಾಯಿತು. ಭಾನುವಾರ ಭಜನೆ ಮುಗಿದ ಮೇಲೆ ಅದೇ ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ಪೂಜಾಶ್ರೀಯ ಅಪ್ಪನದ್ದು ತಪ್ಪಲ್ಲ, ನಾನು ಓದಲಿಲ್ಲ ಎಂದೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹೆಂಗಸರು ಚಾಪೆ ಸುತ್ತಲು ಶುರು ಮಾಡಿದರು. ಕಿನ್ನಿಯಣ್ಣ ಎದುರು ಬಂದು ನಿಂತರು. ಮತ್ತೆ ಹೇಳಿದರು: ಓದಿದ್ದರೂ ನಾವು ಸಹಿ ಹಾಕುತ್ತಿದ್ದೆವೋ ಏನೋ ಮಾರಾಯ್ತಿ, ಗೋಡೆ ಎಲ್ಲರಿಗೂ ಬೇಕಿತ್ತು. ಆದರೆ ಗೊತ್ತಿದ್ದು ಹಾಕುತ್ತಿದ್ದೆವು.

ಅಷ್ಟೇ ಹೇಳಿ ಅವರು ಮನೆಗೆ ಹೋದರು. ಮೊನ್ನೆ ನಾನು ಕಾರ್ಯದರ್ಶಿ ಕೆಲಸ ಬಿಟ್ಟೆ. ಈಗ ಜ್ಯೋತ್ಸ್ನಾ ಮಾಡುತ್ತಾಳೆ, ಮೂರನೇ ಮನೆಯ ಹೊಸ ಸೊಸೆ, ಕನ್ನಡವೂ ಮಲಯಾಳವೂ ಓದಲು ಬರುವವಳು.

ನನ್ನ ಹತ್ತಿರ ಬನ್ನಿ ಎಂದು ಕೇಳುವ ಮುಖ ನನಗಿಲ್ಲ. ಊರಿಗೆ ಬನ್ನಿ. ದೋಣಿ ತೆಂಗಿನ ಮಡಲಿನ ಅಡಿಯಲ್ಲಿ ಕವುಚಿ ಬಿದ್ದಿದೆ. ತಂಡೇಲ ಇಲ್ಲದೆ ಅದನ್ನು ನೀರಿಗಿಳಿಸಲು ಯಾರಿಗೂ ಮನಸ್ಸಿಲ್ಲ. ನೀವು ಬಂದ ದಿನ ನಾನು ಮನೆಯಲ್ಲಿ ಇರಬಾರದು ಎಂದಾದರೆ ಮಗಳ ಹತ್ತಿರ ಹೇಳಿ ಕಳಿಸಿ. ಪೈವಳಿಕೆಯಲ್ಲಿ ಅಕ್ಕನ ಮನೆ ಉಂಟು, ನಾಲ್ಕು ದಿನ ಅಲ್ಲಿರುತ್ತೇನೆ. ಅತ್ತೆಗೆ ಮಾತ್ರ ಹೇಳಬೇಡಿ. ಮಗ ಹೋದದ್ದು ಕೆಲಸಕ್ಕೆ ಎಂದೇ ಅವರಿಗೆ ಹೇಳಿಟ್ಟಿದ್ದೇನೆ.

ಇಂತು,
ಜಲಜಾಕ್ಷಿ

ಮರೆತ ಮಾತು: ನಿಮಗೆ ಕಾಗದ ಬರೆದೆನೆಂದು ತಿಳಿದು ಕಿನ್ನಿಯಣ್ಣನೂ ದೋಣಿಯ ನಾಲ್ಕು ಮಂದಿಯೂ ಇವತ್ತು ಸಂಜೆ ಬಂದರು. ಎಂತ ಬರೆದದ್ದೆಂದು ಕೇಳಿದರು. ಓದಿ ಹೇಳುತ್ತೇನೆ ಎಂದೆ. ಬೇಡ, ಜ್ಯೋತ್ಸ್ನಾ ಓದಲಿ ಎಂದರು ಕಿನ್ನಿಯಣ್ಣ. ಸಿಟ್ಟಿನಲ್ಲಿ ಅಲ್ಲ, ಮೆಲ್ಲ. ಅತ್ತೆಯನ್ನು ಮಗಳು ನೆರೆಮನೆಗೆ ಕರೆದುಕೊಂಡು ಹೋದ ಮೇಲೆ ಅವಳು ಚಾವಡಿಯಲ್ಲಿ ಕೂತು ಓದಿದಳು, ನಾನು ಹೊರಗೆ ತಡೆಗೋಡೆಯ ಕಲ್ಲಿನ ಮೇಲೆ ಕೂತು ಕೇಳಿದೆ. ಅವಳು ಒಂದು ಸಾಲನ್ನೂ ಬಿಡಲಿಲ್ಲ.