ಗೊಣಗಿದ್ದನ್ನೂ ಬರೆದ ಫೋನು

ತಮ್ಮಾ,

ನೀನು ಸತ್ತ ಮೇಲೆ ಅಂಗಡಿಯಲ್ಲಿ ಹೊಲಿಯುವವನು ನಾನೊಬ್ಬನೇ. ಓದಲು ನೀನಿಲ್ಲ, ಆದರೂ ಇವತ್ತು ನಡೆದದ್ದನ್ನು ಬರೆದಿಡುತ್ತೇನೆ.

ಬೆಳಿಗ್ಗೆ ಒಬ್ಬಳು ಹುಡುಗಿ ಕೋಟು ಬಿಗಿ ಮಾಡಿಸಲು ಬಂದಳು. ನಿನ್ನ ಹಾಗೇ ಅವಳಿಗೂ ಕಿವಿ ಕೇಳದು. ನಾನು ಸನ್ನೆ ಮಾಡಹೊರಟರೆ ಬೇಡವೆಂದು ಕೈಯಾಡಿಸಿ, ತನ್ನ ಫೋನನ್ನು ಇಸ್ತ್ರಿಪೆಟ್ಟಿಗೆಗೆ ಒರಗಿಸಿ ನಿಲ್ಲಿಸಿದಳು. ನಾನು ಆಡಿದ ಮಾತೆಲ್ಲ ಅದರಲ್ಲಿ ಅಕ್ಷರವಾಗಿ ಮೂಡುತ್ತದೆ. ಅವಳು ಟೈಪ್ ಮಾಡಿದ್ದನ್ನು ಅದೇ ಓದಿ ಹೇಳುತ್ತದೆ. ತೋಳು, ಸೊಂಟ, ಎಲ್ಲ ಸಲೀಸಾಗಿ ಮುಗಿಯಿತು. ಆಮೇಲೆ ನಾಳೆಯೇ ಬೇಕು ಅಂದಳು. ನನಗೆ ರೇಗಿತು. ಹಳೇ ಅಭ್ಯಾಸ ನೋಡು, ನಿನ್ನೆದುರು ಗೊಣಗುತ್ತಿದ್ದ ಹಾಗೇ ಟೇಪು ಸುತ್ತುತ್ತಾ ಅವಳ ಎದುರಿಗೂ ಗೊಣಗಿದೆ: "ನಾಳೆ ಅಂತೆ ನಾಳೆ! ಇವರಪ್ಪನ ಮನೆ ಆಳು ನೋಡು ನಾನು. ಕಿವಿ ಕೇಳದಿದ್ರೂ ಜೋರಿಗೇನು ಕಮ್ಮಿ ಇಲ್ಲ."

ದರಿದ್ರ ಫೋನು ಅದನ್ನೂ ಒಂದಕ್ಷರ ಬಿಡದೆ ಬರೆದಿತ್ತು. ಅವಳು ಓದಿ ನಕ್ಕುಬಿಟ್ಟಳು. ಏನೋ ಒತ್ತಿದಳು, ಫೋನು ಹೇಳಿತು: "ಇದಕ್ಕೆ ಫೋನ್ ಬೇಕಾಗಿರ್ಲಿಲ್ಲ ತಾತ. ಬೈಯೋದು ನಮಗೆ ಮುಖ ನೋಡಿದ್ರೇ ಗೊತ್ತಾಗುತ್ತೆ. ಹೋಗ್ಲಿ, ನಾಡಿದ್ದು ಕೊಡಿ."

"ನಾಳೆಗೇ ಕೊಡ್ತೀನಿ" ಅಂದೆ. ಕೋಟು ಈಗ ಮುಗಿಯಿತು.

ನನ್ನ ಮೆಷಿನಿಗೆ ಎದುರಾಗಿದ್ದ ನಿನ್ನ ಮೆಷಿನನ್ನು ನೀನು ಒಂದು ದಿನ ಎಳೆದುಕೊಂಡು ಹೋಗಿ ಗೋಡೆಗೆ ಮುಖ ಮಾಡಿ ಇಟ್ಟುಕೊಂಡೆ. ಬೆಳಕಿಗಾಗಿ ಅಂದುಕೊಂಡು ನಾನು ಸುಮ್ಮನಾಗಿದ್ದೆ. ಇವತ್ತು ಅಲ್ಲಿ ಹೋಗಿ ಕೂತು ನೋಡಿದೆ. ಆ ಗೋಡೆಯಲ್ಲಿ ಕಿಟಕಿಯೇ ಇಲ್ಲ.